ಸಾಲ್ಟ್ ಪ್ರಿಂಟ್ ಕೆಟ್ಟರೆ ಎಲ್ಲಿಂದ ಹುಡುಕಬೇಕು: ಬೆಂಗಳೂರಿನ ನೀರು, ಬಿಸಿಲಿಗೆ ಹೊಂದುವ ದೋಷ ನಿವಾರಣೆ ಕೈಪಿಡಿ

ಸಾಲ್ಟ್ ಪ್ರಿಂಟ್ ಎಂದರೆ ಕಾಗದಕ್ಕೆ ಉಪ್ಪುನೀರು, ಅದು ಒಣಗಿದ ಮೇಲೆ ಸಿಲ್ವರ್ ನೈಟ್ರೇಟ್ ಬಳಿದು, ಮೇಲೆ ನೆಗೆಟಿವ್ ಇಟ್ಟು ಬಿಸಿಲಿನಲ್ಲಿ ಮೂಡಿಸಿದ ಫೋಟೊ. ಮೂಡಿದ ಚಿತ್ರ ಮತ್ತೆ ಬೆಳಕಿಗೆ ಕೆಡದಂತೆ ನಿಲ್ಲಿಸುವುದು ಹೈಪೋ, ಅಂದರೆ ಸೋಡಿಯಂ ಥಯೊಸಲ್ಫೇಟ್ ದ್ರಾವಣ. ಇಂಥ ಪ್ರಿಂಟ್ ಕೆಟ್ಟಾಗ ಬಹಳ ಜನ ಮೊದಲು ಕೈಹಾಕುವುದು ಅಳತೆಗೆ. ಉಪ್ಪು ಸ್ವಲ್ಪ ಕಡಿಮೆ, ಸಿಲ್ವರ್ ನೈಟ್ರೇಟ್ ಸ್ವಲ್ಪ ಹೆಚ್ಚು, ಜೊತೆಗೆ ಕಾಗದವೂ ಬೇರೆ, ಹೈಪೋವೂ ಹೊಸದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದ ಮೇಲೆ ಚಿತ್ರ ಸರಿ ಬಂದರೂ ಯಾವುದರಿಂದ ಬಂತು ಎಂದು ಹೇಳುವ ಹಾಗಿಲ್ಲ. ಮುಂದಿನ ವಾರ ಮತ್ತೆ ಕೆಟ್ಟರೆ ಅದೇ ಹುಡುಕಾಟ. ಈ ವಿಧಾನದಲ್ಲಿ ಅಳತೆಯನ್ನು ಅನುಮಾನಿಸುವುದು ಕೊನೆಗೆ. ಮೊದಲು ನೀರು ನೋಡಿ. ಆಮೇಲೆ ಕಾಗದ ಎಷ್ಟು ಉಪ್ಪು ಕುಡಿದಿದೆ, ಅದರ ಮೇಲೆ ಎಷ್ಟು ಬೆಳ್ಳಿ ಬಿದ್ದಿದೆ ಎಂಬ ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ನಾನು ನೋಡಿದ ಕೆಟ್ಟ ಪ್ರಿಂಟುಗಳಲ್ಲಿ ಹೆಚ್ಚಿನವುಗಳ ಮೂಲ ಈ ಎರಡರಲ್ಲೇ ಸಿಗುತ್ತದೆ.

ಇಲ್ಲಿ ಕೆಲಸ ಮಾಡುವ ವಸ್ತು ಸಿಲ್ವರ್ ಕ್ಲೋರೈಡ್. ಅದನ್ನು ಅಂಗಡಿಯಿಂದ ತಂದು ಬಳಿಯುವುದಿಲ್ಲ. ಉಪ್ಪುನೀರು ಹಚ್ಚಿ ಒಣಗಿಸಿದ ಕಾಗದದ ಮೇಲೆ ಸಿಲ್ವರ್ ನೈಟ್ರೇಟ್ ಬಳಿದಾಗ ಅದು ಕಾಗದದ ನಾರಿನಲ್ಲೇ ಹುಟ್ಟುತ್ತದೆ. ಅದೇ ಎರಡು ದ್ರಾವಣಗಳನ್ನು ಗಾಜಿನ ಲೋಟದಲ್ಲಿ ಬೆರೆಸಿದರೆ ಹಾಲು ಒಡೆದ ಹಾಗೆ ಬಿಳಿ ಗಸಿ ಇಳಿಯುತ್ತದೆ. ಈ ಗಸಿ ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಷ್ಟೆ. ಆದರೆ ಹೈಪೋದಲ್ಲಿ ಚೆನ್ನಾಗಿ ಕರಗುತ್ತದೆ. ಬೆಳಕು ಬಿದ್ದರೆ ಕ್ಲೋರಿನ್ ಬಿಟ್ಟುಕೊಟ್ಟು ಬೆಳ್ಳಿಯ ಅತಿ ಸಣ್ಣ ಕಣಗಳಾಗಿ ಉಳಿಯುತ್ತದೆ. ಬಿಳಿ ಹೋಗಿ ನೇರಳೆ, ನೇರಳೆ ಹೋಗಿ ಕಂದು. ಪಟ್ಟಕ ಬಿಚ್ಚಿಟ್ಟ ಬಣ್ಣಗಳಲ್ಲಿ ನೇರಳೆ ತುದಿಯಲ್ಲೇ ಇದು ಬೇಗ ಕಪ್ಪಾಗುತ್ತದೆ ಎಂದು ರಸಾಯನಶಾಸ್ತ್ರಜ್ಞ ಷೀಲೆ 1777ರಲ್ಲೇ ತೋರಿಸಿದ್ದ. ಹಳದಿ ಬೆಳಕಿಗೆ ಇದು ಜಗ್ಗುವುದಿಲ್ಲ. ಹಾಗಾಗಿ ಕೆಂಪು ದೀಪದ ಡಾರ್ಕ್‌ರೂಮ್ ಬೇಕಿಲ್ಲ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ ಬಚ್ಚಲುಮನೆ, ಒಂದು ಹಳದಿ ಜೀರೋ ಬಲ್ಬ್ ಇದ್ದರೆ ಸಾಕು. ಎನ್‌ಲಾರ್ಜರ್ ಕೆಳಗೆ ಬ್ರೋಮೈಡ್ ಕಾಗದದಲ್ಲಿ ಕೆಲಸ ಮಾಡಿದವರು ಆ ಅನುಭವವನ್ನು ಇಲ್ಲಿಗೆ ತಂದು ಗೊಂದಲ ಮಾಡಿಕೊಳ್ಳುತ್ತಾರೆ. ಅಲ್ಲಿ ಬೆಳಕು ಕಣ್ಣಿಗೆ ಕಾಣದ ಗುರುತು ಹಾಕುತ್ತದೆ, ಚಿತ್ರ ತರುವುದು ಡೆವಲಪರ್. ಇಲ್ಲಿ ಡೆವಲಪರ್ ಇಲ್ಲವೇ ಇಲ್ಲ. ಚಿತ್ರ ಪೂರ್ತಿ ಬಿಸಿಲಿನದೇ, ನಿಮ್ಮ ಕಣ್ಣೆದುರೇ ಬರುತ್ತದೆ. ದೋಷ ಹುಡುಕುವವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಯಾವ ಹಂತದಲ್ಲಿ ಕೆಟ್ಟಿತು ಎಂದು ನೋಡುತ್ತಲೇ ಇರಬಹುದು.

ಮುಂದೆ ಹೇಳುವ ಅಂಕಿಗಳಿಗೆಲ್ಲ ಆಧಾರ ಮಾಮೂಲಿ ಅಳತೆ: ನೂರು ಮಿ.ಲೀ. ನೀರಿಗೆ 2 ಗ್ರಾಂ ಉಪ್ಪು, ನೂರು ಮಿ.ಲೀ. ನೀರಿಗೆ 12 ಗ್ರಾಂ ಸಿಲ್ವರ್ ನೈಟ್ರೇಟ್, ಮತ್ತು ಶೇ 10-15ರ ಬರೀ ಹೈಪೋ.

ಬಾಟಲಿಯಲ್ಲೇ ಬೆಳ್ಳಗೆ ಮಬ್ಬಾದರೆ

ಸಿಲ್ವರ್ ನೈಟ್ರೇಟ್ ಕರಗಿಸಿದ ನೀರು ಗಾಜಿನಷ್ಟು ತಿಳಿಯಾಗಿರಬೇಕು. ಮಬ್ಬಾದರೆ ನೀರಿನಲ್ಲಿ ಕ್ಲೋರೈಡ್ ಇದೆ ಎಂದರ್ಥ. ನಗರದ ಮನೆಗಳಲ್ಲಿ ಇದರ ಕಥೆ ಸ್ವಲ್ಪ ಸಂಕೀರ್ಣ. ಮನೆಯ ಸಂಪ್‌ಗೆ, ಅಂದರೆ ನೆಲದಡಿಯ ತೊಟ್ಟಿಗೆ, ಒಂದು ದಿನ ಕಾವೇರಿ ನೀರು ಬರುತ್ತದೆ, ಮರುದಿನ ಬೋರ್‌ವೆಲ್‌ನದು, ಬೇಸಿಗೆಯಲ್ಲಿ ಟ್ಯಾಂಕರ್‌ನದು. ಹೋದ ತಿಂಗಳು ನಡೆದದ್ದು ಈ ತಿಂಗಳು ನಡೆಯದಿದ್ದರೆ ನಲ್ಲಿ ಅದೇ ಆದರೂ ನೀರು ಬೇರೆ ಆಗಿರಬಹುದು. ಆರ್‌ಒ ನೀರನ್ನೂ ಕಣ್ಣುಮುಚ್ಚಿ ನಂಬಬೇಡಿ. ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನು ಮತ್ತೆ ಬೆರೆಸುವ ವ್ಯವಸ್ಥೆ ಹಲವು ಯಂತ್ರಗಳಲ್ಲಿ ಇರುತ್ತದೆ. ಬ್ಯಾಟರಿ ಅಂಗಡಿಯ ‘ಡಿಸ್ಟಿಲ್ಡ್ ವಾಟರ್’ ಕ್ಯಾನು ಸಾಮಾನ್ಯವಾಗಿ ಪರವಾಗಿಲ್ಲ, ಆದರೂ ಪ್ರತಿ ಕ್ಯಾನಿಗೂ ಪರೀಕ್ಷೆ ಬೇಕು.

ಪರೀಕ್ಷೆ ಬಹಳ ಸುಲಭ. ಸ್ವಚ್ಛ ಗಾಜಿನ ಲೋಟದಲ್ಲಿ ಆ ನೀರು ಸ್ವಲ್ಪ ಹಾಕಿ, ಕೆಳಗೆ ಕಪ್ಪು ಕಾಗದ ಇಟ್ಟು, ಮೇಲಿಂದ ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಡಿ. ಹೊಗೆಯೆಳೆಯಷ್ಟು ಬಿಳುಪು ಕಂಡರೂ ಆ ನೀರು ಬಾಟಲಿಗೆ ಬೇಡ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮಬ್ಬಾದ ದ್ರಾವಣದಲ್ಲಿ ಬೆಳ್ಳಿಯೆಲ್ಲ ಹಾಳಾಯಿತು ಎಂದು ಚೆಲ್ಲಿಬಿಡುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಲೀಟರಿಗೆ 50 ಮಿಲಿಗ್ರಾಂ ಕ್ಲೋರೈಡ್ ಇರುವ ನೀರು ಎಂದುಕೊಳ್ಳೋಣ. ನೂರು ಮಿ.ಲೀ.ಯಲ್ಲಿ 5 ಮಿಲಿಗ್ರಾಂ. ಅದು ಹಿಡಿದುಕೊಳ್ಳುವ ಸಿಲ್ವರ್ ನೈಟ್ರೇಟ್ 24 ಮಿಲಿಗ್ರಾಂ ಮಾತ್ರ, ನೀವು ಹಾಕಿದ್ದು 12 ಗ್ರಾಂ. ಹೋದದ್ದು ಶೇ 0.2. ತೊಂದರೆ ಇರುವುದು ಆ ಗಸಿಯ ಕಣಗಳಲ್ಲಿ. ಬ್ರಷ್‌ನ ಜೊತೆ ಅವು ಕಾಗದದ ಮೇಲೆ ಕೂತು ಚುಕ್ಕೆಗಳಾಗುತ್ತವೆ. ಬಾಟಲಿಯನ್ನು ಒಂದು ರಾತ್ರಿ ಅಲುಗಿಸದೆ ಬಿಟ್ಟು, ಫಿಲ್ಟರ್ ಕಾಗದದಲ್ಲಿ ಸೋಸಿದರೆ ದ್ರಾವಣ ಉಳಿಯುತ್ತದೆ. ಸಿಲ್ವರ್ ನೈಟ್ರೇಟ್‌ನ ಬೆಲೆ ನೋಡಿದವರು ಯಾರೂ ಅದನ್ನು ಸುಮ್ಮನೆ ಚೆಲ್ಲಲಾರರು.

ಗಸಿ ಬಿಳಿಯಾಗಿರದೆ ತೆಳು ಹಳದಿಯಾಗಿದ್ದರೆ ಅದು ಗಡಸು ನೀರಿನ ಬೈಕಾರ್ಬೊನೇಟ್‌ನಿಂದ ಆದ ಸಿಲ್ವರ್ ಕಾರ್ಬೊನೇಟ್ ಇರಬಹುದು. ಒಂದು ಹನಿ ದುರ್ಬಲ ನೈಟ್ರಿಕ್ ಆಮ್ಲಕ್ಕೆ ಕಾರ್ಬೊನೇಟ್ ಕರಗುತ್ತದೆ, ಕ್ಲೋರೈಡ್ ಕರಗುವುದಿಲ್ಲ. ಅಮೋನಿಯಾ ಹಾಕಿ ನೋಡುವ ಪರೀಕ್ಷೆ ಕಾಲೇಜಿನ ಲ್ಯಾಬ್‌ನಲ್ಲಿ ಸರಿ, ಮನೆಯಲ್ಲಿ ಖಂಡಿತ ಬೇಡ. ಅಮೋನಿಯಾ ಬೆರೆತ ಬೆಳ್ಳಿಯ ದ್ರಾವಣವನ್ನು ಹಾಗೇ ಇಟ್ಟರೆ ಮುಟ್ಟಿದರೂ ಸಿಡಿಯುವ ವಸ್ತು ಕೂಡುತ್ತದೆ.

ಬಿಸಿಲಿಗಿಟ್ಟರೂ ಕಾಗದ ಕಪ್ಪಾಗದಿದ್ದರೆ

ಅತಿ ಹೆಚ್ಚು ಜನ ಸಿಕ್ಕಿಬೀಳುವ ದೋಷ ಇದು. ನೆಗೆಟಿವ್ ತೆಗೆದಿಡಿ. ಬಳಿದು ಒಣಗಿಸಿದ ಕಾಗದದ ಒಂದು ಪಟ್ಟಿ ಕತ್ತರಿಸಿ, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಮಧ್ಯಾಹ್ನದ ನೇರ ಬಿಸಿಲಿಗೆ ಇಡಿ. ಒಳ್ಳೆಯ ಲೇಪನವಾದರೆ ಕೆಲವೇ ಕ್ಷಣಗಳಲ್ಲಿ ನೇರಳೆಗೆ ತಿರುಗಿ, ನಿಮಿಷಗಳಲ್ಲಿ ಗಾಢ ಚಾಕೊಲೆಟ್ ಕಂದಿಗೆ ಇಳಿಯಬೇಕು. ಇಳಿಯಿತು ಎಂದರೆ ರಸಾಯನದಲ್ಲಿ ದೋಷವಿಲ್ಲ. ಮೇಲಿಟ್ಟ ಗಾಜಿನಲ್ಲೋ ನೆಗೆಟಿವ್‌ನಲ್ಲೋ ದೋಷ ಹುಡುಕಿ. ಮಾಸಲು ನೇರಳೆ, ಬೂದುಬಣ್ಣಕ್ಕೆ ಬಂದು ಅಲ್ಲೇ ನಿಂತುಬಿಟ್ಟರೆ ಉಪ್ಪು ಹೆಚ್ಚಾಗಿದೆ, ಬೆಳ್ಳಿ ಸಾಲದು.

ಇದರ ಕಾರಣ ತಿಳಿದರೆ ಮುಂದೆ ಅರ್ಧ ದೋಷಗಳು ತಾವಾಗಿ ಅರ್ಥವಾಗುತ್ತವೆ. ಬೆಳಕು ಬಿಡಿಸಿದ ಕ್ಲೋರಿನ್ ಅಲ್ಲೇ ಸುತ್ತಾಡಿದರೆ ಮತ್ತೆ ಬೆಳ್ಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಹಿಡಿದುಕೊಳ್ಳಲು ಪಕ್ಕದಲ್ಲಿ ಬಿಡಿಯಾಗಿ ಸಿಲ್ವರ್ ನೈಟ್ರೇಟ್ ಇರಬೇಕು. ಉಪ್ಪೇ ಹೆಚ್ಚಾಗಿ ಬೆಳ್ಳಿಯೆಲ್ಲ ಕ್ಲೋರೈಡ್ ಆಗಿಬಿಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ, ಕಾಗದ ಮೊಂಡಾಗುತ್ತದೆ. 1830ರ ದಶಕದಲ್ಲಿ ಈ ವಿಧಾನವನ್ನು ರೂಪಿಸಿದ ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ಕಂಡುಕೊಂಡದ್ದು ಇದನ್ನೇ: ದುರ್ಬಲ ಉಪ್ಪುನೀರು ಹಚ್ಚಿದ ಕಾಗದ ಚುರುಕು, ತೀವ್ರ ಉಪ್ಪುನೀರು ಹಚ್ಚಿದ್ದು ಮಂದ. ಮಂದವಾಗುವ ಗುಣವನ್ನೂ ಅವನು ಬಿಡಲಿಲ್ಲ. ಮೂಡಿದ ಚಿತ್ರವನ್ನು ತೀವ್ರ ಉಪ್ಪುನೀರಿಗೆ ಅದ್ದಿ, ಮತ್ತೆ ಬೆಳಕಿಗೆ ಕೆಡದ ಹಾಗೆ ನಿಲ್ಲಿಸುತ್ತಿದ್ದ. 1839ರಲ್ಲಿ ವಿಜ್ಞಾನಿ ಜಾನ್ ಹರ್ಷಲ್ ಹೈಪೋ ಬಳಸಿ ತೋರಿಸುವವರೆಗೆ ಚಿತ್ರ ಉಳಿಸಲು ಅವನಿಗಿದ್ದ ಉಪಾಯಗಳಲ್ಲಿ ಇದೂ ಒಂದು. ಅಂದರೆ ಉಪ್ಪು ಹೆಚ್ಚಾದ ನಿಮ್ಮ ಕಾಗದಕ್ಕೆ ಬಿಸಿಲಿಗೆ ಹಾಕುವ ಮೊದಲೇ ಫಿಕ್ಸಿಂಗ್, ಅಂದರೆ ಬೆಳಕಿಗೆ ಬದಲಾಗದಂತೆ ನಿಲ್ಲಿಸುವ ಕೆಲಸ, ಆಗಿಹೋಗಿದೆ.

ಈಗ ಲೆಕ್ಕ. 1 ಗ್ರಾಂ ಅಡುಗೆ ಉಪ್ಪನ್ನು ಪೂರ್ತಿ ಕ್ಲೋರೈಡ್ ಮಾಡಲು 2.9 ಗ್ರಾಂ ಸಿಲ್ವರ್ ನೈಟ್ರೇಟ್ ಬೇಕು. ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್ ಆದರೆ ಗ್ರಾಮಿಗೆ 3.2. ಎ4 ಹಾಳೆಗೆ ಶೇ 2ರ ಉಪ್ಪುನೀರು 2 ಮಿ.ಲೀ. ಬ್ರಷ್‌ನಲ್ಲಿ ಬಳಿದರೆ ಕೂತ ಉಪ್ಪು 40 ಮಿಲಿಗ್ರಾಂ. ಅದಕ್ಕೆ ಬೇಕಾದ ಸಿಲ್ವರ್ ನೈಟ್ರೇಟ್ 116 ಮಿಲಿಗ್ರಾಂ. ಮೇಲೆ ಶೇ 12ರ ದ್ರಾವಣ 2 ಮಿ.ಲೀ. ಬಳಿದರೆ 240 ಮಿಲಿಗ್ರಾಂ ಸಿಗುತ್ತದೆ. ಬೇಕಾದ್ದರ ಎರಡರಷ್ಟು, ಹೀಗೇ ಇರಬೇಕು. ಅದೇ ಹಾಳೆ ದಪ್ಪಗಿದ್ದು, ಟ್ರೇಯಲ್ಲಿ ಮುಳುಗಿಸಿದಾಗ 8 ಮಿ.ಲೀ. ಕುಡಿಯಿತು ಎನ್ನಿ. ಉಪ್ಪು 160 ಮಿಲಿಗ್ರಾಂ, ಬೇಕಾದ ಸಿಲ್ವರ್ ನೈಟ್ರೇಟ್ 465 ಮಿಲಿಗ್ರಾಂ, ನೀವು ಕೊಟ್ಟದ್ದು ಅದೇ 240. ಎರಡೂ ಸಲ ಬಾಟಲಿಗಳಲ್ಲಿ ಇದ್ದದ್ದು ಒಂದೇ ಅಳತೆ. ಕೆಟ್ಟದ್ದು ಹಾಳೆ ಕುಡಿದ ಪ್ರಮಾಣದಿಂದ.

ಆದ್ದರಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹಾಳೆಯನ್ನು ಒಣಗಿದಾಗ ಒಮ್ಮೆ, ಉಪ್ಪುನೀರಿನಿಂದ ಎತ್ತಿ ಸೋರಿಸಿದ ಮೇಲೆ ಒಮ್ಮೆ ತೂಗಿ. ಹೆಚ್ಚಾದ ಗ್ರಾಮುಗಳೇ ಹೆಚ್ಚುಕಡಿಮೆ ಕುಡಿದ ಮಿ.ಲೀ.ಗಳು. ದಪ್ಪ ಹಾಳೆಗೆ ಉಪ್ಪುನೀರನ್ನು ಶೇ 1ಕ್ಕೆ ಇಳಿಸಿ, ಇಲ್ಲವೇ ಮುಳುಗಿಸುವುದು ಬಿಟ್ಟು ಬ್ರಷ್‌ಗೆ ಬನ್ನಿ. ಬೆಳ್ಳಿಯನ್ನು ಎರಡು ಸಲ ಬಳಿಯುವುದೂ ಒಂದು ದಾರಿ, ಜೇಬಿಗೆ ಭಾರ ಅಷ್ಟೆ.

ಪಟ್ಟಿ ಚೆನ್ನಾಗಿ ಕಪ್ಪಾಗಿ, ನೆಗೆಟಿವ್ ಮತ್ತು ಹಾಳೆಯನ್ನು ಗಾಜಿನಡಿ ಒತ್ತಿಡುವ ಫ್ರೇಮಿನೊಳಗೆ ಮಾತ್ರ ಆಗದಿದ್ದರೆ ಗಾಜಿನ ಮೇಲೆ ಅನುಮಾನಪಡಿ. ಈ ಕಾಗದವನ್ನು ಮುಖ್ಯವಾಗಿ ಕಪ್ಪಾಗಿಸುವುದು ಅಲ್ಟ್ರಾವಯಲೆಟ್ (ಯುವಿ), ಅಂದರೆ ನೇರಳೆಯಾಚೆಯ ಕಿರಣ. ಮಾಮೂಲಿ ಕಿಟಕಿ ಗಾಜು ಅದನ್ನು ಸಾಕಷ್ಟು ಬಿಡುತ್ತದೆ. ಎರಡು ಪದರದ ಲ್ಯಾಮಿನೇಟೆಡ್ ಗಾಜು, ಚಿತ್ರಗಳಿಗೆ ಕಟ್ಟು ಹಾಕುವವರು ಕೊಡುವ ‘ಯುವಿ ಪ್ರೊಟೆಕ್ಷನ್’ ಅಕ್ರಿಲಿಕ್ ಹಾಳೆ ಬಿಡುವುದಿಲ್ಲ. ಅರ್ಧ ಪಟ್ಟಿ ಗಾಜಿನ ಕೆಳಗೆ, ಅರ್ಧ ಹೊರಗೆ ಇಟ್ಟರೆ ಉತ್ತರ ಸಿಗುತ್ತದೆ. ಮಳೆಗಾಲದ ಮೋಡಕ್ಕೆ ಬೇಸತ್ತು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿನಲ್ಲಿ ಯುವಿ ಎಲ್‌ಇಡಿ ಪಟ್ಟಿ ಹುಡುಕುವವರು ತರಂಗಾಂತರ ಕೇಳಿ ಕೊಳ್ಳಿ. 365ರಿಂದ 385 ನ್ಯಾನೊಮೀಟರ್ ಒಳ್ಳೆಯದು, 405ರ ಕಡೆಗೆ ಹೋದಷ್ಟೂ ಸಿಲ್ವರ್ ಕ್ಲೋರೈಡ್ ನಿಧಾನ. ನೇರಳೆಯಾಗಿ ಹೊಳೆಯುವ ದೀಪವೆಲ್ಲ ಯುವಿ ಅಲ್ಲ.

ಕತ್ತಲಲ್ಲೇ ಕಂದಾದರೆ

ಬಳಿದಿಟ್ಟ ಹಾಳೆ ಬೆಳಕು ಕಾಣದೆಯೇ ಹಳದಿಗೋ ಕಂದಿಗೋ ತಿರುಗಿದರೆ ಕಾಗದವನ್ನು ಮೊದಲು ವಿಚಾರಿಸಿ. ‘ಆ್ಯಸಿಡ್ ಫ್ರೀ’ ಎಂದು ಮೇಲೆ ಬರೆದಿರುವ ಆರ್ಟ್ ಪೇಪರುಗಳಲ್ಲಿ ಬಹಳಷ್ಟಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದ ಪುಡಿ ಬೆರೆಸಿರುತ್ತಾರೆ. ಜಲವರ್ಣಕ್ಕೆ ಅದು ವರ, ಬೆಳ್ಳಿಗೆ ಶಾಪ. ಹಾಳೆಯ ಮೂಲೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ನೊರೆ ಕಾಣುತ್ತದೆ. ಆ ಮೂಲೆ ಕತ್ತರಿಸಿ ಎಸೆಯಿರಿ, ಆಮ್ಲದ ಕ್ಲೋರೈಡ್ ನಮ್ಮ ಲೆಕ್ಕ ಕೆಡಿಸುತ್ತದೆ. ಅಂಥ ಕಾಗದವೇ ಇರುವುದಾದರೆ ಶೇ 10ರ ಸಲ್ಫಾಮಿಕ್ ಆಮ್ಲದಲ್ಲಿ ನೊರೆ ನಿಲ್ಲುವವರೆಗೆ ನೆನೆಸಿ, ಚೆನ್ನಾಗಿ ತೊಳೆದು, ಒಣಗಿಸಿ, ಆಮೇಲೆ ಉಪ್ಪು ಹಚ್ಚಿ.

ಕಾಗದ ಸರಿಯಿದ್ದರೆ ಬಿಸಿಗಾಳಿಯ ಮೇಲೆ ಕಣ್ಣಿಡಿ. ಬೇಗ ಒಣಗಲಿ ಎಂದು ಹೇರ್ ಡ್ರೈಯರನ್ನು ಬಿಸಿಯಲ್ಲಿ ಓಡಿಸಿದರೆ ಸಿಲ್ವರ್ ನೈಟ್ರೇಟ್ ಕಾಗದದ ಮೈಗೆ ಹಚ್ಚಿದ ಜೆಲಟಿನ್ ಜೊತೆ ಆಗಲೇ ಕೆಲಸ ಶುರುಮಾಡುತ್ತದೆ. ತಣ್ಣನೆ ಗಾಳಿ ಸಾಕು. ಬಳಿದ ದಿನವೇ ಬಳಸಿ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ನೂರು ಮಿ.ಲೀ.ಗೆ ಒಂದೆರಡು ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿದರೆ ಇನ್ನೂ ಕೆಲವು ಗಂಟೆ ತಾಳುತ್ತದೆ, ಚುರುಕು ಸ್ವಲ್ಪ ಕಡಿಮೆಯಾಗುತ್ತದೆ. ಬೆರಳಿನ ಗುರುತಿನ ಆಕಾರದಲ್ಲೇ ಕಲೆ ಬಂದರೆ ಕೈಯಲ್ಲಿ ಹೈಪೋ ಇತ್ತು. ಹೈಪೋ ಟ್ರೇ ಮುಟ್ಟಿದ ಕೈಗೆ ಬಳಿಯುವ ಮೇಜಿನ ಬಳಿ ಜಾಗವಿಲ್ಲ ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿಕೊಳ್ಳಿ.

ಬಾಲವಿರುವ ಕಪ್ಪು ಚುಕ್ಕೆಗಳು ಬೇರೆ ಜಾತಿಯವು. ಕಬ್ಬಿಣ, ತಾಮ್ರ, ಹಿತ್ತಾಳೆ ಯಾವುದೇ ತಗುಲಿದರೂ ಸಿಲ್ವರ್ ನೈಟ್ರೇಟ್‌ನಿಂದ ಬೆಳ್ಳಿ ಕಪ್ಪಾಗಿ ಉದುರುತ್ತದೆ. ಬ್ರಷ್‌ನ ಲೋಹದ ಕವಚ, ಬೋರ್‌ವೆಲ್ ನೀರಿನ ತುಕ್ಕು, ಕಾಗದದೊಳಗಿನ ಲೋಹದ ಕಣ, ಇವೇ ಆರೋಪಿಗಳು. ಕವಚವಿಲ್ಲದ ಬ್ರಷ್ ಅಥವಾ ಗಾಜಿನ ಕಡ್ಡಿ ಬಳಸಿ. ಉಪ್ಪಿನ ಅಯೋಡಿನ್‌ನಿಂದ ಚುಕ್ಕೆ ಬಂತು ಎನ್ನುವವರಿಗೆ ಒಂದು ಮಾತು: ಕಿಲೋ ಉಪ್ಪಿನಲ್ಲಿ ಅಯೋಡಿನ್ ಇರುವುದೇ ಕೆಲವು ಹತ್ತು ಮಿಲಿಗ್ರಾಂ, ನಿಮ್ಮ ಹಾಳೆಗೆ ಬರುವುದು ಲೆಕ್ಕಕ್ಕೇ ಸಿಗದಷ್ಟು. ಪ್ಯಾಕೆಟ್ ಉಪ್ಪು ಬೇಡ ಎನ್ನುವುದು ಅದು ಗಂಟುಕಟ್ಟದಂತೆ ಬೆರೆಸುವ ಪುಡಿಗಾಗಿ. ಕಲ್ಲುಪ್ಪಿನಲ್ಲಿ ಮಣ್ಣು. ಲ್ಯಾಬ್ ದರ್ಜೆಯ ಸೋಡಿಯಂ ಕ್ಲೋರೈಡ್ ಅರ್ಧ ಕಿಲೋ ತಂದರೆ ವರ್ಷಗಟ್ಟಲೆ ಬರುತ್ತದೆ.

ಚಿತ್ರ ಬಂತು, ಜೀವ ಇಲ್ಲ

ಸಪ್ಪೆ ಪ್ರಿಂಟಿಗೆ ಸಾಮಾನ್ಯವಾಗಿ ನೆಗೆಟಿವ್ ಕಾರಣ. ಸಾಲ್ಟ್ ಪ್ರಿಂಟ್‌ನಲ್ಲಿ ಮೊದಲು ಕಪ್ಪಾದ ಜಾಗ ತಾನೇ ಪರದೆಯಾಗಿ ಕೆಳಗಿನ ಪದರಕ್ಕೆ ಬೆಳಕು ತಡೆಯುತ್ತದೆ. ಹಾಗಾಗಿ ನೆರಳಿನ ಭಾಗ ನಿಧಾನವಾಗಿ, ಬೆಳಕಿನ ಭಾಗ ತನ್ನ ಪಾಡಿಗೆ ಮೂಡುತ್ತಾ ಹೋಗುತ್ತದೆ. ಇದಕ್ಕೆ ಡೆನ್ಸಿಟಿ ವ್ಯತ್ಯಾಸ (ಅತಿ ಕಪ್ಪು ಮತ್ತು ಅತಿ ತಿಳಿ ಭಾಗಗಳ ಗಾಢತೆಯ ಅಂತರ) 1.8, 2ರಷ್ಟು ಇರುವ ಗಟ್ಟಿ ನೆಗೆಟಿವ್ ಬೇಕು. ಬ್ರೋಮೈಡ್ ಕಾಗದಕ್ಕೆಂದು ತೊಳೆದ ತೆಳು ನೆಗೆಟಿವ್ ಇಲ್ಲಿ ಸೋಲುತ್ತದೆ. ಬೆಂಗಳೂರಿನಲ್ಲಿ ಸೇನೆಯಲ್ಲಿದ್ದ ಲಿನೆಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರಿನ ದೇವಾಲಯಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಾಗ ಡೆವಲಪ್ ಮಾಡುವ ಹಂತದಲ್ಲೇ ಗಟ್ಟಿ ನೆಗೆಟಿವ್ ಬೇಕೆಂಬುದು ಕಣ್ಣಮುಂದೆ ಇರಬೇಕಿತ್ತು, ಆಗ ಪ್ರಿಂಟ್ ಎಂದರೆ ಇದೇ ಬಿಸಿಲಿನ ಪ್ರಿಂಟ್. ಈಗಿನ ಇಂಕ್‌ಜೆಟ್ ನೆಗೆಟಿವ್‌ನಲ್ಲಿ ಕಣ್ಣಿಗೆ ಕಪ್ಪಾಗಿ ಕಂಡ ಶಾಯಿ ಅಲ್ಟ್ರಾವಯಲೆಟ್‌ಗೆ ಅಷ್ಟು ಕಪ್ಪಲ್ಲದೆ ಇರಬಹುದು. ಕಣ್ಣಿನ ಅಂದಾಜು ಬಿಟ್ಟು ಸ್ಟೆಪ್ ಟ್ಯಾಬ್ಲೆಟ್, ಅಂದರೆ ಹಂತಹಂತವಾಗಿ ಗಾಢವಾಗುವ ಪಟ್ಟಿ, ಮುದ್ರಿಸಿ ನೋಡಿ.

ಇರುವ ನೆಗೆಟಿವ್ ತೆಳುವಾದರೆ ನೇರ ಬಿಸಿಲು ಬಿಟ್ಟು ಫ್ರೇಮನ್ನು ನೆರಳಿನಲ್ಲಿ, ತೆರೆದ ಆಕಾಶದ ಕೆಳಗೆ ಇಡಿ. ಹೊತ್ತು ಹಿಡಿಯುತ್ತದೆ, ಕಾಂಟ್ರಾಸ್ಟ್ ಏರುತ್ತದೆ. ಗಟ್ಟಿ ನೆಗೆಟಿವ್‌ಗೆ ನೇರ ಬಿಸಿಲು. ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಗಾಳಿ ಒಣಗಿ ಕರಕಲಾದಾಗ ಕಾಗದವೂ ಅತಿಯಾಗಿ ಒಣಗಿ ಚಿತ್ರ ಇಟ್ಟಿಗೆಗೆಂಪಾಗಿ, ನಿಸ್ತೇಜವಾಗಿ ಬರುತ್ತದೆ. ಆಗಸ್ಟ್‌ನಲ್ಲಿ ಅದೇ ಅಳತೆ ಗಾಢ ಕಂದು ಕೊಡುತ್ತದೆ. ಬೇಸಿಗೆಯಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಬಟ್ಟೆ ಹಾಕಿ, ಜಾಲರಿಯ ಮೇಲೆ ಹಾಳೆಯನ್ನು ಹತ್ತು ನಿಮಿಷ ಇಟ್ಟು ಆಮೇಲೆ ಮುದ್ರಿಸಿ. ನೆಗೆಟಿವ್ ಮತ್ತು ಹಾಳೆಯ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇರಲಿ, ಇಲ್ಲವಾದರೆ ತೇವಕ್ಕೆ ಬೆಳ್ಳಿ ನೆಗೆಟಿವ್‌ಗೆ ಹತ್ತಿ ಅದೂ ಹಾಳಾಗುತ್ತದೆ.

ಚಿತ್ರ ಕಾಗದದೊಳಗೆ ಮುಳುಗಿದಂತೆ ಮಸುಕಾಗಿ, ತರಿತರಿಯಾಗಿ ಕಂಡರೆ ಸೈಜಿಂಗ್, ಅಂದರೆ ದ್ರಾವಣ ಒಳಗಿಳಿಯದಂತೆ ಕಾಗದಕ್ಕೆ ಕೊಡುವ ಅಂಟಿನ ಲೇಪ, ಸಾಲದು. ಉಪ್ಪುನೀರಿಗೆ ಜೆಲಟಿನ್, ಇಲ್ಲವೇ ಗಂಜಿ ಮಾಡಿದ ಕೂವೆ ಹಿಟ್ಟು ಸೇರಿಸಿ. ಕೂವೆ ಹಿಟ್ಟಿನ ಮ್ಯಾಟ್ ಮೈ ನನಗೆ ಜೆಲಟಿನ್‌ಗಿಂತ ಇಷ್ಟ.

ಹೈಪೋಗೆ ಹಾಕಿದೊಡನೆ ಮಾಯ

ಫ್ರೇಮಿನಿಂದ ತೆಗೆದಾಗ ಅದ್ಭುತ, ಹೈಪೋದಲ್ಲಿ ಕಿತ್ತಳೆ ಬಣ್ಣದ ದೆವ್ವ. ಒಂದಿಷ್ಟು ಇಳಿಯುವುದು ಸಹಜ, ಒಣಗಿದ ಮೇಲೆ ಮತ್ತೆ ಸ್ವಲ್ಪ ಏರುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಎದ್ದುಕಾಣುವಷ್ಟು ಗಾಢವಾಗಿ ಮುದ್ರಿಸಬೇಕು, ಬೆಳಕಿನ ಭಾಗದಲ್ಲೂ ತೆಳು ಬಣ್ಣ ಬಂದಿರಬೇಕು. ಅಷ್ಟು ಮಾಡಿಯೂ ತೊಳೆದುಹೋದರೆ ಫಿಕ್ಸರ್ ಯಾವುದೆಂದು ನೋಡಿ. ಫಿಲ್ಮ್‌ಗೆ ಬಳಸುವ ಆಮ್ಲೀಯ ರ‍್ಯಾಪಿಡ್ ಫಿಕ್ಸರ್ ಇಲ್ಲಿ ನಡೆಯುವುದಿಲ್ಲ. ಬಿಸಿಲಿನಲ್ಲಿ ಹುಟ್ಟಿದ ಬೆಳ್ಳಿಯ ಕಣಗಳು ಡೆವಲಪರ್‌ನಲ್ಲಿ ಹುಟ್ಟಿದವಕ್ಕಿಂತ ಎಷ್ಟೋ ಸಣ್ಣವು, ಈ ಫಿಕ್ಸರ್ ಅವನ್ನೂ ತಿಂದುಬಿಡುತ್ತದೆ. ಬರೀ ಸೋಡಿಯಂ ಥಯೊಸಲ್ಫೇಟ್ ಹರಳು, ಲೀಟರಿಗೆ 100ರಿಂದ 150 ಗ್ರಾಂ, ಜೊತೆಗೆ ಚಿಟಿಕೆ ಸೋಡಿಯಂ ಕಾರ್ಬೊನೇಟ್. ಫೋಟೊ ಸಾಮಾನಿನ ಅಂಗಡಿಗಳು ಕಡಿಮೆಯಾದ ಮೇಲೆ ಇದು ಮೀನಿನ ತೊಟ್ಟಿಯ ಅಂಗಡಿಗಳಲ್ಲಿ ಕ್ಲೋರಿನ್ ತೆಗೆಯುವ ಹರಳಿನ ಹೆಸರಲ್ಲಿ ಸಿಗುತ್ತದೆ. ಬಣ್ಣ ಬೆರೆಸಿದ್ದು ಬೇಡ.

ಹೈಪೋಗೆ ಮೊದಲಿನ ತೊಳೆತದಲ್ಲಿ ನೀರು ಬೆಳ್ಳಗಾಗುವುದು ದೋಷವಲ್ಲ. ಬಿಡಿಯಾಗಿ ಉಳಿದ ಸಿಲ್ವರ್ ನೈಟ್ರೇಟ್ ನಲ್ಲಿ ನೀರಿನ ಕ್ಲೋರೈಡ್‌ಗೆ ಸಿಕ್ಕಿ ಹಾಗಾಗುತ್ತದೆ. ಬಿಳುಪು ನಿಲ್ಲುವವರೆಗೆ ನೀರು ಬದಲಿಸಿ. ಆದರೆ ಅತಿ ಶುದ್ಧ ನೀರಿನಲ್ಲಿ ತೊಳೆಯುವವರಿಗೆ ಬಿಳುಪು ಕಾಣಿಸುವುದೇ ಇಲ್ಲ. ಅವರು ತೊಳೆದ ನೀರು ಸ್ವಲ್ಪ ತೆಗೆದು ಚಿಟಿಕೆ ಉಪ್ಪು ಹಾಕಿ ನೋಡಬೇಕು. ಬಾಟಲಿಯಲ್ಲಿ ಶತ್ರುವಾದ ನಲ್ಲಿ ನೀರು ಇಲ್ಲಿ ಪುಕ್ಕಟೆ ಸೂಚಕ.

ತಿಂಗಳ ಮೇಲೆ ಹಳದಿ

ಎರಡು ಬಗೆ. ಬೆಳಕಿನ ಭಾಗ ಮಾತ್ರ ಹಳದಿಯೋ ನೇರಳೆಯೋ ಆಗಿ, ಬೆಳಕಿಗಿಟ್ಟಷ್ಟೂ ಹೆಚ್ಚಿದರೆ ಫಿಕ್ಸಿಂಗ್ ಪೂರ್ತಿಯಾಗಿಲ್ಲ, ಕಾಗದದಲ್ಲಿ ಬೆಳ್ಳಿಯ ಲವಣ ಉಳಿದಿದೆ. ಚಿತ್ರದ ಕಂದು ಬಣ್ಣವೇ ಸೋತು ಹಳದಿಯಾದರೆ ಹೈಪೋ ಉಳಿದಿದೆ, ಅದರ ಗಂಧಕ ಬೆಳ್ಳಿಯನ್ನು ತಿನ್ನುತ್ತಿದೆ. ಮೊದಲನೆಯದಕ್ಕೆ ಅಂಚಿನ ಬಿಳಿ ಜಾಗದಲ್ಲಿ ಶೇ 0.2ರ ಸೋಡಿಯಂ ಸಲ್ಫೈಡ್ ಒಂದು ಹನಿ ಬಿಡಿ. ಕಂದು ಕಲೆ ಬಂದರೆ ಬೆಳ್ಳಿ ಉಳಿದಿದೆ ಎಂದು ಖಾತ್ರಿ. ಎರಡನೆಯದಕ್ಕೆ ಅಸಿಟಿಕ್ ಆಮ್ಲ ಬೆರೆಸಿದ ದುರ್ಬಲ ಸಿಲ್ವರ್ ನೈಟ್ರೇಟ್ ಒಂದು ಹನಿ, ಕಂದಾದರೆ ಹೈಪೋ. ಒಂದೇ ಟ್ರೇಯಲ್ಲಿ ಹತ್ತು ಹಾಳೆ ಫಿಕ್ಸ್ ಮಾಡುವ ಬದಲು ಎರಡು ಟ್ರೇ ಇಡಿ, ಒಂದೊಂದರಲ್ಲಿ ಮೂರು ನಾಲ್ಕು ನಿಮಿಷ. ಮೊದಲನೆಯದು ದಣಿದಾಗ ಎರಡನೆಯದನ್ನು ಅದರ ಜಾಗಕ್ಕೆ ತಂದು ಹೊಸದನ್ನು ಎರಡನೆಯದಾಗಿ ಇಡಿ. ಆಮೇಲೆ ಶೇ 1ರ ಸೋಡಿಯಂ ಸಲ್ಫೈಟ್‌ನಲ್ಲಿ ಕೆಲವು ನಿಮಿಷ, ಬಳಿಕ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ತೊಳೆತ. ಈ ಕೊನೆಯ ತೊಳೆತಕ್ಕೆ ದುಬಾರಿ ನೀರು ಬೇಡ. ಸ್ವಲ್ಪ ಲವಣವಿರುವ ನೀರು ಕಾಗದದಿಂದ ಹೈಪೋವನ್ನು ಇನ್ನೂ ಚೆನ್ನಾಗಿ ಬಿಡಿಸುತ್ತದೆ. ಬೋರ್‌ವೆಲ್ ನೀರಿನಲ್ಲಿ ತುಕ್ಕು ಇಲ್ಲದಿದ್ದರೆ ಸಾಕು.

ಕೈಗವಸು, ಕನ್ನಡಕ ಹಾಕಿಯೇ ಬಳಿಯಿರಿ. ಚರ್ಮಕ್ಕೆ ಬಿದ್ದ ಸಿಲ್ವರ್ ನೈಟ್ರೇಟ್ ಕಪ್ಪು ಕಲೆ ಕೊಟ್ಟು ದಿನಗಳಲ್ಲಿ ಹೋಗುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮೊದಲ ತೊಳೆತದ ನೀರನ್ನು ಚರಂಡಿಗೆ ಬಿಡದೆ ಬಕೆಟ್‌ನಲ್ಲಿ ಕೂಡಿಡಿ. ಒಂದು ಹಿಡಿ ಉಪ್ಪು ಹಾಕಿದರೆ ಬೆಳ್ಳಿಯೆಲ್ಲ ಕ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಬಸಿಯಬಹುದು. ಹೈಪೋ ಟ್ರೇಯ ನೀರನ್ನು ಇದಕ್ಕೆ ಸೇರಿಸಬೇಡಿ, ಇಳಿದ ಗಸಿ ಮತ್ತೆ ಕರಗುತ್ತದೆ. ಗಸಿ ಒಣಗಿ ಡಬ್ಬಿ ತುಂಬಿದ ಮೇಲೆ ನಗರತ್‌ಪೇಟೆಯ ಕಡೆ ಬೆಳ್ಳಿ ಕರಗಿಸುವವರನ್ನು ವಿಚಾರಿಸಿ.